ಹಟ್ಟಿ ಎತ್ತಲು ಯಾರ ಅಪ್ಪಣೆ?

ಮನೆ ಕಟ್ಟುವ ಮುಂಚೆ ಅಪ್ಪಣೆ ಕೇಳಬೇಕೆಂಬುದನ್ನು ನಮಗೆ ಪಂಚಾಯ್ತಿ ಆಫೀಸು ಕಲಿಸಿಕೊಡಬೇಕಾಗಿರಲಿಲ್ಲ. ನಮ್ಮ ಕೇರಿಯಲ್ಲಿ ಅಪ್ಪಣೆಯಿಲ್ಲದೆ ಒಂದು ಗೂಟ ನೆಟ್ಟವರೂ ಇರಲಿಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆ ಹುಟ್ಟುವುದಕ್ಕೆ ಎಷ್ಟೋ ತಲೆಮಾರು ಮುಂಚೆಯೇ ಕಪಿಲಾ ನದಿಯ ಈ ಸೀಮೆಯಲ್ಲಿ ಒಂದು ಕಟ್ಟಡ ಕಾನೂನು ಜಾರಿಯಲ್ಲಿತ್ತು. ಅದನ್ನು ಯಾರೂ ಬರೆದಿಡಲಿಲ್ಲ. ಬರೆಯುವ ಅಗತ್ಯ ಬೀಳಲಿಲ್ಲ.

ನಮ್ಮಜ್ಜಿ ಆ ಕಾನೂನನ್ನು ಬಾಯಿಪಾಠ ಒಪ್ಪಿಸುತ್ತಿದ್ದಳು. "ಹಟ್ಟಿ ಎತ್ತಬೇಕು ಅಂದ್ರೆ ಗೌಡ್ರ ಜಗಲಿ ತಾವ್ಕೆ ಹೋಗಿ, ಹೆಗಲು ಮೇಲ್ನ ವಸ್ತ್ರ ಕಂಕುಳಿಗೆ ಸಿಗಿಸ್ಕಂಡು, ಬುದ್ದೀ ಅಂತ ಬಿಸ್ಲಲ್ಲಿ ನಿಂತ್ಕಬೇಕಾಗಿತ್ತು ಕನಾ. ಅವ್ರು ಎಲೆ ಅಡ್ಕೆ ಜಗ್ದು ಉಗ್ದು, ಆಮೇಲೆ ಕೇಳೋರು, ಏನ್ಲಾ ಅಂತ." ಅಪ್ಪಣೆ ಸಿಗುತ್ತಿತ್ತು, ಆದರೆ ಷರತ್ತಿನ ಮೇಲೆ. ಮಾಡಿಗೆ ಸೋಗೆ ಹೊದಿಸಬಹುದು, ಹೆಂಚು ಕೂಡದು. ಗೋಡೆಗೆ ಕೆಮ್ಮಣ್ಣು ಬಳಿಯಬಹುದು, ಸುಣ್ಣ ಕೂಡದು. ಬಾಗಿಲು ಊರ ಕಡೆ ತಿರುಗಬಾರದು. ಶುಲ್ಕವೆಂದರೆ ಹತ್ತು ದಿನದ ಬಿಟ್ಟಿ ಚಾಕರಿ. ತಪಾಸಣೆಯೂ ಇತ್ತು. ಗೌಡರ ಆಳು ಬೆಳಿಗ್ಗೆ ಎಮ್ಮೆ ಹೊಡೆದುಕೊಂಡು ಹೋಗುವಾಗ ಒಂದು ಸಲ ಕೇರಿಯತ್ತ ನೋಡಿದರೆ ತಪಾಸಣೆ ಮುಗಿಯಿತು.

ಇದನ್ನು ಒಂದು ಊರಿನ, ಒಬ್ಬ ಗೌಡನ ದರ್ಪವೆಂದು ತಿಳಿಯಬೇಡಿ ಗೆಳೆಯರೇ. ಹಿಂದೂ ಊರು ಅಸ್ಪೃಶ್ಯರ ಮೇಲೆ ಹೇರಿದ ಕಟ್ಟಳೆಗಳನ್ನು ಬಾಬಾಸಾಹೇಬರು ಒಂದೊಂದಾಗಿ ಪಟ್ಟಿ ಮಾಡಿದ್ದಾರೆ. ಕೇರಿ ಊರಿನಿಂದ ಬೇರೆ ಇರಬೇಕು. ಅಶುಭವೆಂದು ಎಣಿಸುವ ದಕ್ಷಿಣ ದಿಕ್ಕಿಗೇ ಇರಬೇಕು. ಹೆಂಚಿನ ಮಾಡು ಹಾಕಿದರೆ ಅದು ಅಪರಾಧ. 1917ರಲ್ಲಿ, ಅಮೆರಿಕ ಇಂಗ್ಲೆಂಡುಗಳಲ್ಲಿ ಓದಿ ಬಂದ ಮೇಲೆ, ಬರೋಡಾದಂಥ ನಗರದಲ್ಲಿ ತಲೆ ಮೇಲೊಂದು ಸೂರು ಸಿಗದೆ ಹಿಂದಿರುಗಿದವರು ಅವರು. ಮುಂದೆ 1930ರ ದಶಕದಲ್ಲಿ ಮುಂಬಯಿಯ ದಾದರ್‌ನಲ್ಲಿ ರಾಜಗೃಹವನ್ನು ಕಟ್ಟಿಸಿದರು, ತಮ್ಮ ಪುಸ್ತಕಗಳಿಗೂ ಜಾಗವಿರುವಂತೆ. ಆ ಮನೆಯನ್ನು ನಾವು ಚಿತ್ರದಲ್ಲಿ ಮಾತ್ರ ನೋಡಿದ್ದೇವೆ. ನೋಡಿದಾಗಲೆಲ್ಲ ನಮಗೆ ಮೊದಲು ಕಾಣುವುದು ಅದರ ಮಹಡಿಗಳು.

ಈಗ ಹೊಸ ಕಾನೂನಿಗೆ ಬರೋಣ.

2019ರ ಆಗಸ್ಟಿನ ಮಳೆ ನೆನಪಿರಬೇಕು. ಕಪಿಲೆ ತುಂಬಿ ದಡ ಮೀರಿದಳು. ನಮ್ಮ ಹಟ್ಟಿಯ ಮೂರು ಗೋಡೆ ಕುಸಿದವು, ಒಂದು ನಿಂತಿತು. ಬಿದ್ದ ಮನೆಗಳನ್ನು ಸರ್ಕಾರ ಎ, ಬಿ, ಸಿ ಎಂದು ವಿಂಗಡಿಸಿತು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ಎಂದಿತು. ನೋಡಲು ಬಂದವರು ನಿಂತಿದ್ದ ಆ ಒಂದು ಗೋಡೆಯನ್ನು ನೋಡಿ ಸಿ ಎಂದು ಬರೆದುಕೊಂಡರು. ಅದು ಅವ್ವ ಮದುವೆಯಾಗಿ ಬಂದ ವರ್ಷ ತಾನೇ ಮಣ್ಣು ತುಳಿದು ಎತ್ತಿದ ಗೋಡೆ. ಸಿ ದರ್ಜೆಯ ದುಡ್ಡು ನೀಲಿ ತಾಡಪಾಲಿಗೂ ಅಜ್ಜಿಯ ಔಷಧಿಗೂ ಸರಿಹೋಯಿತು. ಆ ವರ್ಷದ ಗ್ರಾಮಸಭೆಯಲ್ಲಿ ಅವ್ವನ ಹೆಸರು ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್ ಯೋಜನೆಯ ಪಟ್ಟಿಗೆ ಸೇರಿತು. ಒಂದೂಮುಕ್ಕಾಲು ಲಕ್ಷ, ನಾಲ್ಕು ಕಂತಿನಲ್ಲಿ: ಪಾಯಕ್ಕೆ, ಲಿಂಟಲ್‌ಗೆ, ಮೋಲ್ಡಿಗೆ, ಮುಗಿದ ಮೇಲೆ. ಪ್ರತಿ ಕಂತಿಗೂ ಒಂದು ತಪಾಸಣೆ, ಒಂದು ಫೋಟೋ.

ಆದರೆ ಅದಕ್ಕೂ ಮುಂಚೆ ಜಾಗದ ದಾಖಲೆ ತರಬೇಕು. ಅದರ ಮೇಲೆ ಕಟ್ಟಡ ಪರವಾನಗಿ. ಅದಾದ ಮೇಲೆ ಕಾರ್ಯಾದೇಶ.

"ಜಾಗ ನಿಮ್ದು ಅನ್ನೋಕೆ ಏನಮ್ಮ ದಾಖಲೆ?" ಎಂದು ಪಂಚಾಯ್ತಿಯವರು ಕೇಳಿದರು. ಅವ್ವ, "ನಮ್ಮತ್ತೆ ಅದ್ರಲ್ಲೇ ಎಂಟು ಮಕ್ಕಳ ಹೆತ್ತವಳೆ ಸ್ವಾಮಿ" ಎಂದಳು. ಅವರು ನಕ್ಕರು. ನಮಗೆ ಇಂದಿಗೂ ಅನ್ನಿಸುವುದು, ಅದಕ್ಕಿಂತ ಗಟ್ಟಿಯಾದ ದಾಖಲೆ ಯಾವುದಿದೆ ಎಂದು. ಆದರೆ ಕಂಪ್ಯೂಟರಿನಲ್ಲಿ ಹೆರಿಗೆಗೆ ಕಾಲಂ ಇಲ್ಲ. 2013ರಲ್ಲಿ ಇ-ಸ್ವತ್ತು ಬಂದ ಮೇಲೆ ಗ್ರಾಮಠಾಣದ ಒಳಗಿನ ಆಸ್ತಿಗೆ ನಮೂನೆ 9 ಮತ್ತು 11ಎ, ಆ ಲೆಕ್ಕಕ್ಕೆ ಬರದ ಆಸ್ತಿಗೆ 11ಬಿ ಎಂದಾಯಿತು. ನಮ್ಮ ಕೇರಿ ಮೂರರಲ್ಲಿ ಯಾವುದರಲ್ಲೂ ಇರಲಿಲ್ಲ. ಕಂದಾಯ ಮಾತ್ರ ವರ್ಷ ವರ್ಷ ವಸೂಲಾಗುತ್ತಿತ್ತು. ಬಿಲ್ ಕಲೆಕ್ಟರ್ ಬಂದು ರಸೀತಿ ಹರಿದುಕೊಡುತ್ತಿದ್ದ. ದುಡ್ಡು ತೆಗೆದುಕೊಳ್ಳುವಾಗ ನಾವಿದ್ದೆವು, ಹಕ್ಕು ಬರೆಯುವಾಗ ಇರಲಿಲ್ಲ.

ಅಸಲಿಗೆ ಕಾಗದ ಒಂದಿತ್ತು. 1970ರ ದಶಕದಲ್ಲಿ ದೇವರಾಜ ಅರಸರ ಸರ್ಕಾರ ನಿವೇಶನವಿಲ್ಲದವರಿಗೆ ನಿವೇಶನ ಹಂಚಿದಾಗ ತಾತನಿಗೂ ಒಂದು ಹಕ್ಕುಪತ್ರ ಸಿಕ್ಕಿತ್ತು. ಅದನ್ನು ಅವನು ಸೋಗೆ ಮಾಡಿನ ಸಂದಿಗೆ, ಬಿದಿರಿನ ಕೊಳವೆಯೊಳಗೆ ಸಿಗಿಸಿಟ್ಟಿದ್ದ. ಓದಲು ಬಾರದವನಿಗೆ ಅದು ಮಂತ್ರಿಸಿದ ತಾಯಿತದ ಹಾಗೆ. ಮಾಡು ಸೋರಿ ಸೋರಿ ಕಾಗದ ಮುದ್ದೆಯಾಯಿತು. ಮಾಡು ಸೋರಿದ್ದರಿಂದ ಕಾಗದ ಹೋಯಿತು. ಕಾಗದ ಹೋದದ್ದರಿಂದ ಸೋರದ ಮಾಡು ಕಟ್ಟುವಂತಿಲ್ಲ. ಕವಿತೆ ಬರೆಯುವ ನಾವು ಇಂಥದ್ದನ್ನು ಕಲ್ಪಿಸಿ ಬರೆದಿದ್ದರೆ ವಿಮರ್ಶಕರು ಅತಿಯಾಯಿತು ಎನ್ನುತ್ತಿದ್ದರು.

ಕಾಗದದ ಅಸಲು ನಮ್ಮಲ್ಲಿ ಹೋದರೂ ಕೊಟ್ಟವರ ರಿಜಿಸ್ಟರಿನಲ್ಲಿ ಉಳಿದಿರುತ್ತದೆಂದು ತಾಲ್ಲೂಕಿನ ಸಂಘಟನೆಯ ಹಿರಿಯರೊಬ್ಬರು ಹೇಳಿದರು. ತಾಲ್ಲೂಕು ಕಚೇರಿಯಲ್ಲಿ ಕೇಳಿದರೆ, "ಹಳೇದು ಸಿಗಲ್ಲ, ಗೆದ್ಲು ಹಿಡ್ದದೆ" ಎಂದರು. ಗೆದ್ದಲು ಹಿಡಿದಿದ್ದರೆ ಅದನ್ನೇ ಬರೆದುಕೊಡಿ ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದೆವು. ಊರಿನ ಮಾಸ್ತರುಗಳು, ವಿದ್ಯಾರ್ಥಿಗಳು ಇದನ್ನು ಗುರುತಿಟ್ಟುಕೊಳ್ಳಬೇಕು: ಅರ್ಜಿಗೆ ಶುಲ್ಕ 10 ರೂಪಾಯಿ, ಬಿ.ಪಿ.ಎಲ್. ಕಾರ್ಡಿದ್ದವರಿಗೆ ಅದೂ ಇಲ್ಲ, 30 ದಿನದೊಳಗೆ ಉತ್ತರ ಕೊಡಬೇಕು. ಇಪ್ಪತ್ತೆಂಟನೆಯ ದಿನ ಗೆದ್ದಲು ತಿನ್ನದ ರಿಜಿಸ್ಟರಿನ ಜೆರಾಕ್ಸು, ಮೊಹರು ಸಮೇತ ಬಂತು.

ಅದರಲ್ಲಿ ಇಪ್ಪತ್ತೆರಡು ಹೆಸರು. ಪ್ರತಿ ಹೆಸರಿನ ಮುಂದೆ ಆ.ಕ. ಎಂದು ಎರಡಕ್ಷರ, ಆದಿ ಕರ್ನಾಟಕ ಎನ್ನುವುದಕ್ಕೆ. ತಂದೆಯ ಹೆಸರಿನ ಕಾಲಂ ಅರ್ಧಕ್ಕರ್ಧ ಖಾಲಿ. ಎದುರಿಗೆ ಹೆಬ್ಬೆಟ್ಟಿನ ಗುರುತು, ಜೆರಾಕ್ಸಿನಲ್ಲಿ ಕರಿ ಮಚ್ಚೆಯಷ್ಟೇ. ಅಜ್ಜಿಗೆ ತೋರಿಸಿದೆವು. "ಇದು ನಿಮ್ಮ ತಾತಂದಾ?" ಅಂದು ಬೆರಳಿಟ್ಟು ಸವರಿದಳು. ಅಳತೆಯ ಕಾಲಂನಲ್ಲಿ 30 ಅಡಿ, 40 ಅಡಿ ಎಂದಿತ್ತು.

ಆ 40 ಅಡಿ ನೆಲದ ಮೇಲೆ 31 ಆಗಿತ್ತು. ಒಂಬತ್ತಡಿ ಕೇರಿಯ ಬೆನ್ನಿಗಿರುವ ಜಮೀನಿನ ಕತ್ತಾಳೆ ಬೇಲಿಯೊಳಗೆ ಹೋಗಿ ಕೂತಿತ್ತು. ಬೇಲಿಗೆ ಕಾಲಿದೆ ಎಂದು ನಮ್ಮ ಕಡೆ ಹೇಳುತ್ತಾರೆ. ಅದು ಯಾವಾಗಲೂ ಕೇರಿಯ ಕಡೆಗೇ ನಡೆಯುತ್ತದೆ. ಪಂಚಾಯ್ತಿಯ ಬಿಲ್ ಕಲೆಕ್ಟರೂ ವಾಟರ್‌ಮ್ಯಾನೂ ಟೇಪು ಹಿಡಿದು ಅಳೆದರು, ಬೇಲಿಯ ಹತ್ತಿರ ಬಂದಾಗ ಟೇಪು ಮಡಿಚಿದರು. "ಅದೊಂದು ಬುಡಿ, ಇರೋದ್ರಲ್ಲಿ ಕಟ್ಕಳಿ. ಸುಮ್ನೆ ಯಾಕೆ ಊರಲ್ಲಿ ಗಲಾಟೆ." ಇದು ಸಲಹೆಯಂತೆ ಕೇಳುತ್ತದೆ. ನಮಗೆ ಇದು ಅಜ್ಜಿ ಹೇಳುತ್ತಿದ್ದ ಕಾನೂನಿನ ಮುಂದುವರಿದ ಕಲಮಾಗಿ ಕೇಳಿಸಿತು.

ಇನ್ನು ನಕ್ಷೆ. ಮುಂದೆ ಇಷ್ಟು, ಹಿಂದೆ ಇಷ್ಟು, ಅಕ್ಕಪಕ್ಕ ಇಷ್ಟು ಜಾಗ ಬಿಟ್ಟು ಗೆರೆ ಎಳೆದು ತರಬೇಕು. ಗಾಳಿ ಬೆಳಕಿಗೆ, ಬೆಂಕಿ ಬಿದ್ದರೆ ಬಂಡಿ ಬರಲಿಕ್ಕೆ. ನಿಯಮ ತಪ್ಪೇನಲ್ಲ. ಆದರೆ ನಮ್ಮ ಕೇರಿಯಲ್ಲಿ ಒಬ್ಬರ ಗೋಡೆಗೆ ಇನ್ನೊಬ್ಬರ ಗೋಡೆ ಒರಗಿದೆ. ಈ ಮನೆಯವರು ಕೆಮ್ಮಿದರೆ ಆ ಮನೆಯವರು ಶುಂಠಿ ಜಜ್ಜುತ್ತಾರೆ. ಬಿಡಲು ಜಾಗ ಕೊಟ್ಟವರು ಯಾರು? ಪಟ್ಟಣದಲ್ಲಿ ಜಾಗ ಇದ್ದೂ ಬಿಡದವರ ಕಥೆ ಬೇರೆ. ಅವರಿಗಾಗಿ ರಾಜ್ಯ ಸರ್ಕಾರ 2014ರಲ್ಲಿ ಅಕ್ರಮ-ಸಕ್ರಮದ ನಿಯಮ ತಂದಿತು. ವಾಸದ ಕಟ್ಟಡದಲ್ಲಿ ಶೇಕಡ 50ರವರೆಗಿನ ಉಲ್ಲಂಘನೆಯನ್ನು ದಂಡ ಕಟ್ಟಿ ಸಕ್ರಮ ಮಾಡಿಕೊಳ್ಳಬಹುದಿತ್ತು. 2017ರಲ್ಲಿ ಸುಪ್ರೀಂ ಕೋರ್ಟು ತಡೆ ಹಾಕಿತು, ಅದಿರಲಿ. ನುಂಗಿದವರಿಗೆ ಸಕ್ರಮ ಮಾಡುವ ಯೋಚನೆ ವಿಧಾನಸೌಧಕ್ಕೆ ಬಂತಲ್ಲ, ಒಂಬತ್ತಡಿ ಕಳಕೊಂಡವರ ಯೋಚನೆ ಯಾಕೆ ಬರಲಿಲ್ಲ ಎಂಬುದೇ ನಮ್ಮ ಪ್ರಶ್ನೆ.

ಅರ್ಜಿ ಕೊಡುವುದೂ ಒಂದು ವಿದ್ಯೆ. 64ನೇ ಕಲಮು ಒಂದು ಮಾತು ಹೇಳುತ್ತದೆ, ಅದನ್ನು ಆಫೀಸಿನವರು ನಮಗೆ ಹೇಳುವುದಿಲ್ಲ. ಅರ್ಜಿ ಸೇರಿದ 60 ದಿನದೊಳಗೆ ಪಂಚಾಯ್ತಿ ಹೂಂ ಅಥವಾ ಉಹೂಂ ಎಂದು ತಿಳಿಸದೆ ಹೋದರೆ ಪರವಾನಗಿ ಕೊಟ್ಟಂತೆಯೇ ಎಂದು ಭಾವಿಸಬೇಕು. 2011ರ ಸಕಾಲ ಕಾಯ್ದೆಯೂ ಅರ್ಜಿಗೊಂದು ನಂಬರು ಕೊಟ್ಟು ದಿನ ಎಣಿಸುತ್ತದೆ. ಆದ್ದರಿಂದಲೇ ಬಡವರ ಅರ್ಜಿಯನ್ನು ತಿರಸ್ಕರಿಸುವುದಿಲ್ಲ, ತೆಗೆದುಕೊಳ್ಳುವುದೇ ಇಲ್ಲ. "ಇಟ್ಟಿರಿ, ನೋಡಾನ." "ಸೋಮ್ವಾರ ಬನ್ನಿ." "ಸಾಹೇಬ್ರು ಮೀಟಿಂಗು." ಬಾಯಿಮಾತಿಗೆ ತಾರೀಖು ಇರುವುದಿಲ್ಲ, ತಾರೀಖಿಲ್ಲದಿದ್ದರೆ 60 ದಿನ ಶುರುವಾಗುವುದೇ ಇಲ್ಲ. ಅವ್ವ ಕೂಲಿ ಬಿಟ್ಟು ಐದು ಸೋಮವಾರ ಹೋದಳು. ಆರನೆಯ ವಾರ ಅರ್ಜಿ, ನಕ್ಷೆ, ರಿಜಿಸ್ಟರಿನ ಪ್ರತಿ, ವಂಶವೃಕ್ಷ, ದೊಡ್ಡಪ್ಪ ಚಿಕ್ಕಪ್ಪಂದಿರ ಒಪ್ಪಿಗೆ ಪತ್ರ ಎಲ್ಲವನ್ನೂ ಒಂದು ಲಕೋಟೆಗೆ ತುಂಬಿ, ಪಂಚಾಯ್ತಿಯಿಂದ ನೂರು ಮಾರು ದೂರದ ಅಂಚೆ ಕಚೇರಿಯಿಂದ ರಿಜಿಸ್ಟರ್ಡ್ ಪೋಸ್ಟ್ ಮಾಡಿದೆವು. ಪೋಸ್ಟ್‌ಮ್ಯಾನ್ ಸೈಕಲ್ ತುಳಿದು ಹೋಗಿ ಕೊಟ್ಟು ಬಂದ. ಸಹಿ ಬಿದ್ದ ಗುಲಾಬಿ ಬಣ್ಣದ ಚೀಟಿ ವಾಪಸು ಬಂತು. ಆ ಚೀಟಿ ನಮ್ಮ ಮನೆಯ ಮೊದಲ ಇಟ್ಟಿಗೆ.

ಬೇಲಿಯವರು ಅಷ್ಟರಲ್ಲಿ ತಕರಾರು ಅರ್ಜಿ ಹಾಕಿದ್ದರು. ನಮ್ಮ ಬಾಗಿಲಿಟ್ಟರೆ ಅವರ ಗಾಡಿ ದಾರಿಗೆ ಅಡ್ಡಿಯಂತೆ. ರಿಜಿಸ್ಟರಿನ ಹಿಂದಿದ್ದ ನಕಾಶೆಯಲ್ಲಿ ಅಲ್ಲಿ ಗಾಡಿ ದಾರಿಯೇ ಇಲ್ಲ. ಐವತ್ತೆಂಟನೆಯ ದಿನ ಪರವಾನಗಿ ಬಂತು. ಒಂಬತ್ತಡಿಯ ಅರ್ಜಿ ಬೇರೆ ಫೈಲಾಗಿ ಉಳಿಯಿತು, ಇವತ್ತಿಗೂ ಇದೆ.

2020ರ ಕೊನೆಗೆ ಪಾಯ ತೆಗೆದೆವು. ಗಾರೆ ಕೆಲಸ ನಮ್ಮ ಕೇರಿಯವರದೇ. ಮೈಸೂರು, ಬೆಂಗಳೂರುಗಳಲ್ಲಿ ಹತ್ತು ಹದಿನೈದು ಅಂತಸ್ತಿನ ಕಟ್ಟಡ ಎತ್ತಿದವರು ಕೊರೋನಾ ಬಂದು ಊರಿಗೆ ಮರಳಿದ್ದರು. ಕೆಮ್ಮಣ್ಣು ತೆಗೆದು ಗಟ್ಟಿ ನೆಲ ಸಿಗುವವರೆಗೆ ಹಾರೆ ಹಾಕಿ, ಸದ್ದು ಕೇಳಿ, "ಸಾಕು, ಇಲ್ಲಿಂದ ಕಲ್ಲು ಕೂರ್ಸಾನ" ಎಂದವರು ಅವರೇ. ಇದನ್ನು ಯಾಕೆ ಹೇಳುತ್ತೇವೆಂದರೆ, ನಾಲ್ಕು ಸಲ ನಡೆದ ಸರ್ಕಾರಿ ತಪಾಸಣೆಯಲ್ಲಿ ಪಾಯ ಎಷ್ಟು ಆಳ, ಸಿಮೆಂಟಿಗೆ ಮರಳೆಷ್ಟು, ಕಂಬಿ ಯಾವ ದಪ್ಪದ್ದು ಎಂದು ಒಬ್ಬರೂ ಕೇಳಲಿಲ್ಲ. ಗೋಡೆ ಇದೆಯೇ, ಗೋಡೆಯ ಮುಂದೆ ಫಲಾನುಭವಿ ನಿಂತಿದ್ದಾಳೆಯೇ, ಇಷ್ಟೇ. ಮನೆ ಬೀಳುತ್ತದೋ ನಿಲ್ಲುತ್ತದೋ ಎಂಬ ತಪಾಸಣೆ ನಮ್ಮ ಪುಣ್ಯಕ್ಕೆ ನಮ್ಮವರ ಕೈಯಲ್ಲಿತ್ತು.

ಪಾಯದ ಫೋಟೋ ತೆಗೆಯಲು ಬಂದವರು ಬೈಕನ್ನು ಊರ ಮುಂದಿನ ಅರಳಿಮರದ ಕೆಳಗೆ ನಿಲ್ಲಿಸಿದರು. ಅಲ್ಲಿಂದ ನಮ್ಮ ಜಾಗಕ್ಕೆ ಇನ್ನೂರು ಹೆಜ್ಜೆ. ಕೇರಿಯೊಳಗೆ ಕೆಸರು ಎಂದರು. ಕೆಸರಿರಲಿಲ್ಲ, ಮಾಗಿಯ ಕಾಲ. ಅವ್ವನನ್ನು ಅಲ್ಲಿಗೇ ಕರೆಸಿ, ಮೊಬೈಲಿನಲ್ಲಿ ಅಲ್ಲಿಂದಲೇ ಜಾಗ ಗುರುತು ಮಾಡಿ, ನಮ್ಮ ಹುಡುಗನೊಬ್ಬನ ಕೈಗೆ ಮೊಬೈಲು ಕೊಟ್ಟು, "ಓಡೋಗಿ ಪಾಯದ್ದೊಂದು ತಕ್ಕಂಬಾ" ಎಂದರು. ಮೊದಲ ಕಂತು ಬಂತು. ಗೋಡೆ ಎದ್ದವು. ಲಿಂಟಲ್ ಹಾಕಿದೆವು. ಅಷ್ಟರಲ್ಲಿ ಮೊದಲು ಬಂದವರಿಗೆ ವರ್ಗವಾಗಿತ್ತು. ಹೊಸಬರು ಜಾಗಕ್ಕೇ ಬಂದು ಫೋಟೋ ತೆಗೆದರೆ ಮೊಬೈಲು ಒಪ್ಪಲಿಲ್ಲ. ಪಾಯ ಒಂದು ಕಡೆ, ಲಿಂಟಲ್ ಇನ್ನೊಂದು ಕಡೆ ಎಂದಿತು. ಸರ್ಕಾರದ ಲೆಕ್ಕದಲ್ಲಿ ನಮ್ಮ ಪಾಯ ಅರಳಿಮರದ ಕೆಳಗಿತ್ತು.

ಸಾವಿರಾರು ಕಿಲೋಮೀಟರು ಮೇಲಿಂದ ನೋಡುವ ಉಪಗ್ರಹಕ್ಕೆ ಜಾತಿಯಿಲ್ಲ ಎಂದುಕೊಂಡಿದ್ದೆವು. ಇರಲಿಕ್ಕಿಲ್ಲ. ಆದರೆ ಅದು ನೋಡುವುದು ಮೊಬೈಲು ಹಿಡಿದವನ ಕಾಲು ಎಲ್ಲಿ ನಿಂತಿದೆಯೋ ಅಲ್ಲಿಂದ.

ತಿದ್ದಲು ಪಂಚಾಯ್ತಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ಬೆಂಗಳೂರಿಗೆ ಕಾಗದ ಹೋಗಬೇಕಿತ್ತು. ಏಳು ತಿಂಗಳು. ಅವ್ವ ಸ್ತ್ರೀಶಕ್ತಿ ಸಂಘದಿಂದ ತೆಗೆದ 40,000 ರೂಪಾಯಿಗೆ ವಾರ ವಾರ ಕಂತು ಕಟ್ಟಬೇಕಿತ್ತು. ಸರ್ಕಾರದ ಕಂತಿಗೆ ಮಾತ್ರ ವಾರವಿರಲಿಲ್ಲ. ಇಟ್ಟಿಗೆಯವನು ಬಾಗಿಲಿಗೆ ಬಂದು ಕೂರುತ್ತಿದ್ದ, ಬಾಗಿಲೇ ಇರದ ಮನೆಯಲ್ಲಿ ಅವನು ಕೂತದ್ದು ಹೊಸ್ತಿಲ ಜಾಗದಲ್ಲಿ. ಗೋಡೆಗಳ ಮೇಲೆ ಅದೇ ನೀಲಿ ತಾಡಪಾಲು ಕಟ್ಟಿದೆವು. ಅಜ್ಜಿ ಅದರ ಕೆಳಗೆ ಮಲಗಿ ಮಳೆಯ ಸದ್ದು ಕೇಳುತ್ತಾ, "ಮೋಲ್ಡು ಯಾವತ್ಲಾ?" ಎನ್ನುತ್ತಿದ್ದಳು. 2021ರ ಕಾರ್ತೀಕದಲ್ಲಿ ತೀರಿಕೊಂಡಳು. ಮೋಲ್ಡು ಬಿದ್ದದ್ದು ಅದಾದ ಮೂರು ತಿಂಗಳಿಗೆ.

ಮತ್ತೆ ಜಾಗ ಗುರುತಿಸಲು ತಾಲ್ಲೂಕಿನಿಂದ ಒಬ್ಬರು ಬಂದರು. ಈ ಸಲ ಕೇರಿಯವರೆಲ್ಲ ಅರಳಿಮರದ ಹತ್ತಿರವೇ ಹೋಗಿ ನಿಂತಿದ್ದೆವು. ಯಾರೂ ಜಗಳಕ್ಕೆ ಹೋಗಲಿಲ್ಲ. ಅವರ ಹಿಂದೆ ಮುಂದೆ ನಡೆದುಕೊಂಡು ಬಂದೆವು, ಮೆರವಣಿಗೆಯ ಹಾಗೆ. ಅವರು ಮನೆಯ ನಡುವೆ ನಿಂತು ಮೊಬೈಲು ಒತ್ತಿದರು. ಅವ್ವ ಚೊಂಬಿನಲ್ಲಿ ನೀರು ತಂದಳು. "ಈಗ್ತಾನೆ ಕುಡ್ದು ಬಂದೆ ಕಣಮ್ಮ" ಎಂದರು. ಅದಕ್ಕೆ ಯಾವ ನಮೂನೆಯೂ ಇಲ್ಲ, ಮೇಲ್ಮನವಿಯೂ ಇಲ್ಲ.

ಮೋಲ್ಡು ಹಾಕಿದ ಮೇಲೆ ಮೂರು ವಾರ ನೀರು ನಿಲ್ಲಿಸಬೇಕು. ಕೇರಿಯ ನಲ್ಲಿಗೆ ಎರಡು ದಿನಕ್ಕೊಮ್ಮೆ ನೀರು. ಇಪ್ಪತ್ತೊಂದು ದಿನ ಹೆಂಗಸರೆಲ್ಲ ಒಂದೊಂದು ಬಿಂದಿಗೆ ತಂದು ಮೇಲಕ್ಕೆ ಸುರಿದರು. ಮೋಲ್ಡಿನ ಮೂಲೆಗಳಲ್ಲಿ ನಾಲ್ಕು ಕಂಬಿಗಳನ್ನು ಕತ್ತರಿಸದೆ ಎರಡಡಿ ಮೇಲಕ್ಕೆ ಬಿಟ್ಟೆವು, ಮುಂದೆಂದಾದರೂ ಮೇಲೊಂದು ಕೋಣೆ ಎತ್ತುವುದಕ್ಕೆ ಎಂದು. ಇಡೀ ಮನೆಯಲ್ಲಿ ಊರಿನವರ ಕಣ್ಣಿಗೆ ಬಿದ್ದದ್ದು ಆ ನಾಲ್ಕು ಕಂಬಿ. "ಏನ್ಲಾ, ಮಹಡಿ ಎತ್ತೀರಾ?" ಎಂದು ಹಾಲಿನ ಡೈರಿಯ ಮುಂದೆ ಒಬ್ಬರು ಕೇಳಿದರು. ಇನ್ನೊಬ್ಬರು ಪಂಚಾಯ್ತಿ ಸದಸ್ಯರ ಮೂಲಕ ಹೇಳಿ ಕಳಿಸಿದರು, ಪರವಾನಗಿ ಒಂದೇ ಅಂತಸ್ತಿಗೆ ಇರೋದು, ಕಂಬಿ ಕತ್ತರಿಸೋದು ಒಳ್ಳೇದು ಅಂತ. ಪರವಾನಗಿಯಲ್ಲಿ ಕಂಬಿಯ ಬಗ್ಗೆ ಒಂದು ಮಾತೂ ಇಲ್ಲ. ಅದು ಹಳೆಯ ಕಾನೂನಿನ ನೋಟೀಸು. ನಾವು ಕಂಬಿಗಳಿಗೆ ತುಕ್ಕು ಹಿಡಿಯದಂತೆ ಸಿಮೆಂಟು ಹಾಲು ಬಳಿದೆವು.

ಕೊನೆಯ ಕಂತು 2022ರಲ್ಲಿ ಬಂತು. ಗೋಡೆಗೆ ಸುಣ್ಣ ಹೊಡೆದೆವು. ಮನೆ ಈಗ ಅವ್ವನ ಹೆಸರಿನಲ್ಲಿದೆ. ನಮ್ಮ ವಂಶದಲ್ಲಿ ಹೆಂಗಸಿನ ಹೆಸರಿಗೆ ನೆಲ ಬಿದ್ದದ್ದು ಇದೇ ಮೊದಲು. ಬಾಗಿಲು ಊರ ಕಡೆಗಿದೆ.

ರಿಜಿಸ್ಟರಿನ ಆ ಪುಟದಲ್ಲಿ ನಮ್ಮ ತಾತನನ್ನು ಬಿಟ್ಟರೆ ಇನ್ನೂ ಇಪ್ಪತ್ತೊಂದು ಹೆಸರಿವೆ. ಜೆರಾಕ್ಸಿನ ಮೇಲೆ ಜೆರಾಕ್ಸು ಮಾಡಿ ಮನೆಮನೆಗೂ ಹಂಚಿದ್ದೇವೆ. ಈವರೆಗೆ ಆರು ಮನೆಯವರ ಗುಲಾಬಿ ಚೀಟಿ ವಾಪಸು ಬಂದಿದೆ. ಮೂವರ ಮನೆಯಲ್ಲಿ ವಾರಸುದಾರರು ಬೆಂಗಳೂರಿನಲ್ಲಿ ಯಾವುದೋ ಕಟ್ಟಡದ ಶೆಡ್ಡಿನಲ್ಲಿದ್ದಾರೆ, ಸಹಿಗೆ ಕರೆಸಬೇಕು. ಉಳಿದವರ ವಂಶವೃಕ್ಷವನ್ನು ಕೇರಿಯ ಹೈಸ್ಕೂಲು ಮಕ್ಕಳು ಭಾನುವಾರಗಳಲ್ಲಿ ಕೂತು ಬರೆಯುತ್ತಿದ್ದಾರೆ. ಎಲ್ಲರ ಅಳತೆಯೂ 30 ಅಡಿ, 40 ಅಡಿ. ಬೇಲಿ ಎಲ್ಲಿಂದ ಎಲ್ಲಿಗೆ ಬಂದಿದೆಯೆಂದು ಟೇಪು ಹಿಡಿದು ಅಳೆದು, ಇಪ್ಪತ್ತೆರಡು ಮನೆಯ ಲೆಕ್ಕವನ್ನೂ ಒಂದೇ ಅರ್ಜಿಯಲ್ಲಿ ಬರೆದು, ಮುಂದಿನ ಗ್ರಾಮಸಭೆಯಲ್ಲಿ ಓದುತ್ತೇವೆ.